ಕರಗುವ ಸರಕು, ಕರಗದ ಹೆಸರು

ಚಾಕಲೇಟಿನ ಜೀವಾಳವಾದ ಕೋಕೋ ಬೆಣ್ಣೆಯು ಸುಮಾರು 34 ಡಿಗ್ರಿ ಸೆಂಟಿಗ್ರೇಡಿನಲ್ಲಿ ಕರಗುತ್ತದೆ. ಮನುಷ್ಯನ ಬಾಯೊಳಗಿನ ಕಾವು ಇದಕ್ಕಿಂತ ತುಸುವೇ ಹೆಚ್ಚು. ಕೈಯಲ್ಲಿರುವಾಗ ಗಟ್ಟಿಯಾಗಿದ್ದು, ನಾಲಗೆಯ ಮೇಲಿಟ್ಟ ಗಳಿಗೆಯಲ್ಲಿ ರಸವಾಗುವ ಈ ಒಂದು ಗುಣವೇ ಆ ತಿಂಡಿಗೆ ಲೋಕದ ಮಕ್ಕಳೆಲ್ಲರ ಪ್ರೀತಿಯನ್ನು ಗಳಿಸಿಕೊಟ್ಟಿದೆ. ಆದರೆ ತಂಪು ನಾಡುಗಳಲ್ಲಿ ಗುಣವೆನಿಸಿದ್ದು ಹರಪನಹಳ್ಳಿಯ ಸೀಮೆಯಲ್ಲಿ ದೋಷವಾಗುತ್ತದೆ. ಏಪ್ರಿಲ್ ಮೇ ತಿಂಗಳುಗಳಲ್ಲಿ ಅಲ್ಲಿ ನೆರಳಿನ ಉಷ್ಣವೇ ನಲವತ್ತನ್ನು ಮುಟ್ಟಲು ಹವಣಿಸುತ್ತದೆ. ಇನ್ನು ತಗಡಿನ ಸೂರಿನ ಗೂಡಂಗಡಿಯ ಮಾತೇನು? ಮಧ್ಯಾಹ್ನದ ಎರಡು ಗಂಟೆಗೆ ಅಂಥ ಅಂಗಡಿಯಲ್ಲಿಟ್ಟ ಚಾಕಲೇಟು ಗಿರಾಕಿಯ ಬಾಯಿಗೆ ಬೀಳುವ ಮೊದಲೇ ತನ್ನ ಹೊದಿಕೆಯೊಳಗೆ ಮುದ್ದೆಯಾಗಿರುತ್ತದೆ. ರಾತ್ರಿಯ ತಂಪಿಗೆ ಮತ್ತೆ ಗಟ್ಟಿಯಾದರೂ ಮೈಮೇಲೆ ಬೂದಿ ಬಳಿದಂತೆ ಬಿಳಿಯ ಪೊರೆ ಕಟ್ಟಿಕೊಳ್ಳುತ್ತದೆ. ಆ ಪೊರೆ ಬೂಷ್ಟಲ್ಲ, ಮೇಲಕ್ಕೆ ಬಂದ ಕೊಬ್ಬು ಮಾತ್ರ, ತಿಂದರೆ ಅಪಾಯವಿಲ್ಲ. ಆದರೆ ಮಗುವಿನ ತಾಯಿಗೆ ಈ ರಸಾಯನಶಾಸ್ತ್ರವನ್ನು ಹೇಳಿ ಒಪ್ಪಿಸಬಲ್ಲ ಅಂಗಡಿಕಾರ ಇನ್ನೂ ಹುಟ್ಟಬೇಕಾಗಿದೆ.

ಕೋಕೋ ಮರವಂತೂ ಈ ಬಯಲುಸೀಮೆಯಲ್ಲಿ ಬಾಳುವ ಗಿಡವಲ್ಲ. ಅದಕ್ಕೆ ನೆರಳು ಬೇಕು, ತೇವ ಬೇಕು, ಗಾಳಿಯ ಹೊಡೆತವಿಲ್ಲದ ತಗ್ಗು ಬೇಕು. ಹರಪನಹಳ್ಳಿಯ ರೈತ ಬೆಳೆಯುವುದು ಮೆಕ್ಕೆಜೋಳ, ಶೇಂಗಾ, ಜೋಳ. ಬೆಳೆಯದ ಊರು, ಉಳಿಯದ ಹವೆ. ಆದರೂ ಇಂದು ಬಸ್ ನಿಲ್ದಾಣದಿಂದ ಹಿಡಿದು ಹಳ್ಳಿಯ ಕಟ್ಟಕಡೆಯ ಕಿರಾಣಿ ಅಂಗಡಿಯವರೆಗೆ ಚಾಕಲೇಟು ಹೋಗಿದೆ. ಅಕ್ಷರ ಬಾರದ ಮೂರು ವರ್ಷದ ಕೂಸು ಕೂಡ ಗಾಜಿನ ಹಿಂದಿನ ನೇರಿಳೆ ಬಣ್ಣದ ಹೊದಿಕೆಯನ್ನು ಬೆರಳು ಮಾಡಿ ತೋರಿಸುತ್ತದೆ. ಸರಕನ್ನು ಇಲ್ಲಿಯವರೆಗೆ ತಂದದ್ದು ಲಾರಿ. ಬೇಡಿಕೆಯನ್ನು ತಂದದ್ದು ಬೇರೊಂದು ಶಕ್ತಿ. ವ್ಯಾಪಾರಸ್ಥರು ಅದನ್ನು ಬ್ರಾಂಡು ಎನ್ನುತ್ತಾರೆ. ಹಿಂದಿನವರು ಮಾರ್ಕು ಎನ್ನುತ್ತಿದ್ದರು.

ಮಾರ್ಕು ಎಂಬ ಮಾತು ಕನ್ನಡಿಗರಿಗೆ ಹೊಸದಲ್ಲ. ಬೀಡಿಯ ಕಟ್ಟಿನ ಮೇಲೆ ಗಣೇಶ, ಬೆಂಕಿಪೆಟ್ಟಿಗೆಯ ಮೇಲೆ ಹುಲಿ, ಕುದುರೆ, ಕೈಗಡಿಯಾರ ಇವೆಲ್ಲ ಓದಲು ಬಾರದ ಗಿರಾಕಿಗಾಗಿಯೇ ಹುಟ್ಟಿದ ಬರಹಗಳು. ಆದರೆ ಸಿಹಿ ತಿಂಡಿಗೆ ಮಾರ್ಕು ಇರಲಿಲ್ಲ. ಮೈಲಾರದ ಕಾರಣಿಕಕ್ಕೆ ಹೋದವರು, ಕೊಟ್ಟೂರಿನ ತೇರಿಗೆ ಹೋದವರು ಮನೆಗೆ ತರುತ್ತಿದ್ದ ಬೆಂಡು ಬತ್ತಾಸಿಗೆ ಯಾವ ಕಂಪನಿಯ ಹೆಸರಿತ್ತು? ಶೇಂಗಾದ ಉಂಡೆಗೆ ಮಾಡಿದವರ ಕೈಗುಣವೇ ಹೆಸರು. ಅಂಗಡಿಯ ಗಾಜಿನ ಭರಣಿಯಲ್ಲಿ ಕಿತ್ತಳೆಯ ತೊಳೆಯಾಕಾರದ ಪೆಪ್ಪರಮೆಂಟುಗಳು ಬಿಡಿಬಿಡಿಯಾಗಿ ಬಿದ್ದಿರುತ್ತಿದ್ದವು; ಹುಡುಗರು ಕಾಸು ಕೊಟ್ಟು ಬಣ್ಣ ನೋಡಿ ಕೊಳ್ಳುತ್ತಿದ್ದರೇ ಹೊರತು ಹೆಸರು ಕೇಳುತ್ತಿರಲಿಲ್ಲ. ಆಗಸ್ಟ್ 15ರಂದು ಶಾಲೆಯಲ್ಲಿ ಧ್ವಜವಂದನೆಯ ಬಳಿಕ ಮೇಷ್ಟ್ರು ಹಂಚುತ್ತಿದ್ದುದೂ ಅದನ್ನೇ.

ಹೆಸರು ಬಂದದ್ದು ಕಾಗದದ ಸುರುಳಿಯೊಂದಿಗೆ. ಮುಂಬಯಿಯ ವಿಲೆ ಪಾರ್ಲೆಯಲ್ಲಿ 1929ರಲ್ಲಿ ಹುಟ್ಟಿದ ಪಾರ್ಲೆ ಮೊದಲು ಮಾಡಿದ್ದು ಬಿಸ್ಕತ್ತನ್ನಲ್ಲ, ಕಿತ್ತಳೆಯ ಮಿಠಾಯಿಯನ್ನು. 1952ರಲ್ಲಿ ಚಿತ್ತೂರಿನಲ್ಲಿ ನ್ಯೂಟ್ರಿನ್ ಆರಂಭವಾಯಿತು. ಹರಪನಹಳ್ಳಿ ಆಗ ಬಳ್ಳಾರಿ ಜಿಲ್ಲೆಯೊಡನೆ ಮದ್ರಾಸು ರಾಜ್ಯಕ್ಕೇ ಸೇರಿತ್ತು, ಚಿತ್ತೂರೂ ಅದೇ ರಾಜ್ಯದಲ್ಲಿತ್ತು; 1953ರ ಅಕ್ಟೋಬರಿನಲ್ಲಿ ಬಳ್ಳಾರಿಯ ಬಹುಭಾಗ ಮೈಸೂರಿಗೆ ಸೇರಿತು. ಇವೆಲ್ಲ ಸಕ್ಕರೆಯ ಪಾಕದಿಂದ ಆದ ತಿಂಡಿಗಳು, ಬಿಸಿಲಿಗೆ ಬಗ್ಗುವಂಥವಲ್ಲ. ಎರಡೂ ತುದಿಗೆ ತಿರುಚಿದ ಕಾಗದದೊಳಗೆ ಕುಳಿತು ಅವು ಎಷ್ಟು ದೂರವಾದರೂ ಪ್ರಯಾಣ ಮಾಡಿದವು. ಇಂದಿಗೂ ಆ ಸೀಮೆಯ ಮಕ್ಕಳು ಕಾಗದ ಸುತ್ತಿದ ಎಲ್ಲವನ್ನೂ ಚಾಕಲೇಟು ಎಂದೇ ಕರೆಯುತ್ತಾರೆ, ಅದರಲ್ಲಿ ಕೋಕೋ ಎಳ್ಳಷ್ಟೂ ಇಲ್ಲದಿದ್ದರೂ. ಒಂದು ರೂಪಾಯಿ ಚಿಲ್ಲರೆಗೆ ಬದಲಾಗಿ ಅಂಗಡಿಯವರು ಗಿರಾಕಿಯ ಅಂಗೈಯಲ್ಲಿಡುವ ನಾಣ್ಯವೂ ಈ ಚಾಕಲೇಟೇ. ಸರ್ಕಾರದ ಟಂಕಸಾಲೆ ಅಚ್ಚು ಹಾಕದಿದ್ದರೂ ಚಲಾವಣೆಯಲ್ಲಿರುವ ನಾಣ್ಯ ಇದೊಂದೇ ಇರಬೇಕು.

ಬಿಸಿಲನ್ನು ಗೆದ್ದ ಬಗೆ

ಬಿಸಿಲಿಗೆ ಕರಗುವ ಚಾಕಲೇಟಿನ ಚಿಂತೆ ಬಯಲುಸೀಮೆಯ ವ್ಯಾಪಾರಿಗಿಂತ ಮೊದಲು ಸೇನಾಪತಿಗಳನ್ನು ಕಾಡಿತ್ತು. 1937ರಲ್ಲಿ ಅಮೆರಿಕದ ಸೈನ್ಯದ ಅಧಿಕಾರಿ ಪಾಲ್ ಲೋಗನ್ ಹರ್ಷಿ ಕಂಪನಿಯವರಲ್ಲಿಗೆ ಹೋಗಿ, ಸಿಪಾಯಿಯ ಜೇಬಿನಲ್ಲಿ ಉಳಿಯಬಲ್ಲ ಚಾಕಲೇಟನ್ನು ಮಾಡಿಕೊಡಿರೆಂದು ಕೇಳಿದ. ಅವನ ಷರತ್ತುಗಳು ವಿಚಿತ್ರವಾಗಿದ್ದವು. ತೂಕ ನಾಲ್ಕು ಔನ್ಸು, ಬಿಸಿಲಿಗೆ ಕರಗಕೂಡದು, ಶಕ್ತಿ ಹೆಚ್ಚಿರಬೇಕು, ರುಚಿ ಬೇಯಿಸಿದ ಆಲೂಗಡ್ಡೆಗಿಂತ ತುಸು ಮೇಲಿದ್ದರೆ ಸಾಕು. ರುಚಿ ಹೆಚ್ಚಾದರೆ ಸಿಪಾಯಿಗಳು ಆಪತ್ಕಾಲಕ್ಕೆ ಕಾಯದೆ ಮೊದಲ ದಿನವೇ ತಿಂದು ಮುಗಿಸುತ್ತಾರೆಂಬುದು ಅವನ ದೂರದೃಷ್ಟಿ. ಕಂಪನಿ ಅವನ ಇಚ್ಛೆಯನ್ನು ಚೆನ್ನಾಗಿಯೇ ನೆರವೇರಿಸಿತು. ಸಿಪಾಯಿಗಳು ಆ ಚಾಕಲೇಟನ್ನು ದ್ವೇಷಿಸಿದರು. 1941ರಲ್ಲಿ ಫಾರೆಸ್ಟ್ ಮಾರ್ಸ್ ಎಂಬವನು ಚಾಕಲೇಟಿನ ಗುಂಡುಗಳಿಗೆ ಸಕ್ಕರೆಯ ಗಟ್ಟಿ ಕವಚ ತೊಡಿಸಿ ಇನ್ನೊಂದು ದಾರಿಯನ್ನು ಕಂಡುಕೊಂಡ. ಭಾರತದ ಮಕ್ಕಳಿಗೆ ಜೆಮ್ಸ್ ಎಂಬ ಹೆಸರಿನಿಂದ ಪರಿಚಿತವಾದ ಬಣ್ಣದ ಗುಂಡುಗಳು ಅದೇ ಜಾತಿಯವು.

ಬಿಸಿಲ ನಾಡಿಗೆ ಕಂಪನಿಗಳು ಹೂಡಿದ ಉಪಾಯಗಳೆಲ್ಲ ಇದೇ ಬಗೆಯವು. ಎಕ್ಲೇರಿನಲ್ಲಿ ಚಾಕಲೇಟು ಕ್ಯಾರಮೆಲ್ಲಿನ ಕೋಟೆಯೊಳಗೆ ಅಡಗಿರುತ್ತದೆ. ಅದು ಒಳಗೆ ಕರಗಿದರೂ ಹೊರಗಿನವರಿಗೆ ತಿಳಿಯುವುದಿಲ್ಲ. ವೇಫರಿಗೆ ಲೇಪಿಸಿದರೆ ಕರಗುವ ಭಾಗ ಕಡಿಮೆ. ಇನ್ನೂ ಅಗ್ಗದ ಉಪಾಯವೆಂದರೆ ಕೋಕೋ ಬೆಣ್ಣೆಯನ್ನೇ ತೆಗೆದು, ಬೇಗ ಕರಗದ ಬೇರೆ ಸಸ್ಯಕೊಬ್ಬನ್ನು ಸೇರಿಸುವುದು. ಅದು ಬಿಸಿಲನ್ನು ತಡೆಯುತ್ತದೆ, ಆದರೆ ಬಾಯೊಳಗೂ ಸುಲಭವಾಗಿ ಕರಗದೆ ಮೇಣದಂತೆ ಅಂಗುಳಕ್ಕೆ ಅಂಟುತ್ತದೆ. ನಾಲಗೆ ಬಲ್ಲವರು ಒಂದು ತುಣುಕಿನಲ್ಲೇ ಈ ಮೋಸವನ್ನು ಕಂಡುಹಿಡಿಯಬಲ್ಲರು. ಪೊಟ್ಟಣದ ಮೇಲಿನ ಸಣ್ಣ ಅಕ್ಷರಗಳನ್ನು ಓದಿದರೂ ತಿಳಿಯುತ್ತದೆ.

ಎಲ್ಲಕ್ಕಿಂತ ದೊಡ್ಡ ಉಪಾಯ ತಂಪಿನ ಪೆಟ್ಟಿಗೆ. ಚಾಕಲೇಟಿನ ಕಂಪನಿ ತನ್ನ ಬಣ್ಣ ಬಳಿದು, ತನ್ನ ಹೆಸರು ಬರೆದು ಗಾಜಿನ ಬಾಗಿಲಿನ ಪುಟ್ಟ ಫ್ರಿಜ್ಜನ್ನು ಅಂಗಡಿಗೆ ಕೊಡುತ್ತದೆ. ಅಂಗಡಿಕಾರನಿಗೆ ಕರೆಂಟಿನ ಖರ್ಚು, ಕಂಪನಿಗೆ ಗಲ್ಲಾಪೆಟ್ಟಿಗೆಯ ಪಕ್ಕದ ಜಾಗ. ಮೇಲುನೋಟಕ್ಕೆ ಇದು ಸರಕನ್ನು ಕಾಪಾಡುವ ಏರ್ಪಾಡು. ನಿಜವಾಗಿ ನೋಡಿದರೆ ಹಗಲೂ ರಾತ್ರಿ ದೀಪ ಉರಿಯುವ ಜಾಹೀರಾತಿನ ಹಲಗೆ ಅದು. ಅದೂ ಮಗುವಿನ ಕಣ್ಣಿನ ಎತ್ತರಕ್ಕೆ ಸರಿಯಾಗಿ ಇಟ್ಟದ್ದು. ಬೇರೆ ಕಂಪನಿಯ ಸರಕು ಆ ಪೆಟ್ಟಿಗೆಯಲ್ಲಿ ಕೂರುವುದು ಪೆಟ್ಟಿಗೆ ಕೊಟ್ಟವರಿಗೆ ಇಷ್ಟವಿರಲಾರದು. ಕರೆಂಟು ಹೋದರೆ ಏನು ಮಾಡುವುದೆಂಬ ಪ್ರಶ್ನೆ ಬಯಲುಸೀಮೆಯ ಅಂಗಡಿಕಾರನಿಗೇ ಬಿಟ್ಟದ್ದು.

ದೊಡ್ಡವರ ಬಾಯಿಗೆ

ಕ್ಯಾಡ್‌ಬರಿಯ ಕಥೆ 1824ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ನಗರದ ಒಂದು ಅಂಗಡಿಯಲ್ಲಿ ಆರಂಭವಾಗುತ್ತದೆ. ಡೈರಿ ಮಿಲ್ಕ್ ಹೊರಬಂದದ್ದು 1905ರಲ್ಲಿ. ಸ್ವಾತಂತ್ರ್ಯ ಬಂದ ಮರುವರ್ಷ, 1948ರ ಜುಲೈಯಲ್ಲಿ, ಆ ಕಂಪನಿ ಭಾರತದಲ್ಲಿ ಕಾಲೂರಿತು. ಬಹುಕಾಲ ಚಾಕಲೇಟು ಇಲ್ಲಿ ಪಟ್ಟಣದ ಅನುಕೂಲಸ್ಥರ ಮಕ್ಕಳ ತಿಂಡಿಯಾಗಿತ್ತು. ಪರೀಕ್ಷೆಯಲ್ಲಿ ಮೊದಲಿಗನಾದರೆ, ಮುಂಬಯಿಯಿಂದ ಮಾವ ಬಂದರೆ ಒಂದು ಬಾರು. ಅಪ್ಪನೇ ಒಂದು ಚಾಕಲೇಟು ಕೊಂಡು ಬೀದಿಯಲ್ಲಿ ತಿನ್ನುವುದೆಂದರೆ ನಗೆಪಾಟಲಿನ ವಿಷಯ.

ಈ ನಾಚಿಕೆಯನ್ನು ಹೋಗಲಾಡಿಸದೆ ವ್ಯಾಪಾರ ಬೆಳೆಯುವಂತಿರಲಿಲ್ಲ. 1994ರಲ್ಲಿ ಓಗಿಲ್ವಿ ಸಂಸ್ಥೆಯ ಪೀಯೂಷ್ ಪಾಂಡೆ ಮತ್ತು ಸಂಗಡಿಗರು ರೂಪಿಸಿದ ದೂರದರ್ಶನದ ಜಾಹೀರಾತು ಆ ಕೆಲಸವನ್ನು ಮಾಡಿತು. ಕ್ರಿಕೆಟ್ ಪಂದ್ಯ; ಬ್ಯಾಟುಗಾರ ಗೆಲುವಿನ ಹೊಡೆತವನ್ನು ಹೊಡೆಯುತ್ತಾನೆ; ಪ್ರೇಕ್ಷಕರ ನಡುವೆ ಚಾಕಲೇಟು ತಿನ್ನುತ್ತಿದ್ದ ತರುಣಿ ಕಾವಲುಗಾರನನ್ನು ತಪ್ಪಿಸಿಕೊಂಡು ಮೈದಾನಕ್ಕೆ ನುಗ್ಗಿ ಮನಸಾರೆ ಕುಣಿಯುತ್ತಾಳೆ. ಅಷ್ಟೇ. ಚಾಕಲೇಟಿನ ಸತ್ತ್ವ, ಹಾಲು, ವಿಟಮಿನ್ನು ಯಾವುದರ ಮಾತೂ ಅದರಲ್ಲಿಲ್ಲ. ದೊಡ್ಡವರಾದವರೂ ಒಂದು ಕ್ಷಣ ಮಕ್ಕಳಾಗಬಹುದೆಂಬ ಅನುಮತಿಯನ್ನು ಮಾತ್ರ ಅದು ಮಾರಿತು. 2021ರಲ್ಲಿ ಅದೇ ಜಾಹೀರಾತನ್ನು ತಿರುಗಿಸಿ ಮಾಡಿದರು: ಬ್ಯಾಟು ಹೆಣ್ಣುಮಗಳ ಕೈಗೆ ಬಂತು, ಕುಣಿದವನು ತರುಣ. ಇಪ್ಪತ್ತೇಳು ವರ್ಷಗಳ ಬಳಿಕವೂ ಜನ ಹಳೆಯದನ್ನು ನೆನೆದು ಹೊಸದನ್ನು ನೋಡಿದರೆಂದರೆ, ಜಾಹೀರಾತೊಂದು ಜನಪದದ ಸ್ಮೃತಿಯೊಳಗೆ ಸೇರಿಹೋಗಿತ್ತೆಂದೇ ಅರ್ಥ.

ಆ ಬಳಿಕ ಕಂಪನಿಯ ಕಣ್ಣು ಬಿದ್ದದ್ದು ಲಾಡು ಪೇಢೆಗಳ ಮೇಲೆ. ಈ ದೇಶದಲ್ಲಿ ಮಗು ಹುಟ್ಟಿದರೆ, ಮದುವೆ ಗೊತ್ತಾದರೆ, ಕೆಲಸ ಸಿಕ್ಕರೆ ಬಾಯಿ ಸಿಹಿ ಮಾಡುವ ಪದ್ಧತಿ ಉಂಟಷ್ಟೆ. ಆ ಸಿಹಿಯ ತಟ್ಟೆಯಲ್ಲಿ ಚಾಕಲೇಟಿಗೂ ಒಂದು ಜಾಗ ಸಿಕ್ಕರೆ ವರ್ಷಕ್ಕೆ ಎಷ್ಟು ಸಂದರ್ಭಗಳು! ದೀಪಾವಳಿಗೆ ಪೆಟ್ಟಿಗೆ, ರಕ್ಷಾಬಂಧನಕ್ಕೆ ಪೆಟ್ಟಿಗೆ. ಹರಪನಹಳ್ಳಿಯಂಥ ಊರಿನಲ್ಲೂ ಹುಟ್ಟುಹಬ್ಬದ ದಿನ ಶಾಲೆಯ ಮಗು ಗೆಳೆಯರಿಗೆ ಹಂಚುವುದು ಈಗ ಸಕ್ಕರೆಯನ್ನಲ್ಲ.

ಹೀಗೆ ಕಟ್ಟಿದ ಹೆಸರು 2003ರ ಅಕ್ಟೋಬರಿನಲ್ಲಿ ಕುಸಿಯುವುದರಲ್ಲಿತ್ತು. ಮಹಾರಾಷ್ಟ್ರದ ಆಹಾರ ಮತ್ತು ಔಷಧ ಇಲಾಖೆಯವರಿಗೆ ಕೆಲವು ಬಾರುಗಳಲ್ಲಿ ಹುಳುಗಳು ಸಿಕ್ಕವು. ತಪ್ಪು ಅಂಗಡಿಗಳ ದಾಸ್ತಾನಿನದು ಎಂದು ಕಂಪನಿ ಹೇಳಿತು. ಮಾತು ನಿಜವಿದ್ದಿರಬಹುದು, ಆದರೆ ಹೆಸರು ಬರೆದದ್ದು ಅಂಗಡಿಯವನದಲ್ಲವಲ್ಲ! ಹಬ್ಬದ ಹೊತ್ತಿಗೆ ವ್ಯಾಪಾರ ಬಿತ್ತು. ಬಳಿಕ ಕಂಪನಿ ಅಂಗಡಿಕಾರರಿಗೆ ದಾಸ್ತಾನಿನ ಪಾಠ ಹೇಳಲು ಹೊರಟಿತು. ಬಾರಿನ ಹೊದಿಕೆಯನ್ನೇ ಬದಲಿಸಿ ಭದ್ರವಾಗಿ ಮುಚ್ಚಿತು. 2004ರ ಆರಂಭದಲ್ಲಿ ಅಮಿತಾಭ್ ಬಚ್ಚನ್ ಜಾಹೀರಾತಿನಲ್ಲಿ ಕಾಣಿಸಿಕೊಂಡು ಭರವಸೆ ಕೊಟ್ಟರು. ನಟನ ಮಾತಿಗಿಂತ ಹೊದಿಕೆಯೇ ಹೆಚ್ಚಿನ ಉತ್ತರವೆಂದು ತೋರುತ್ತದೆ, ಆದರೆ ಜನ ನೆನಪಿಟ್ಟುಕೊಂಡದ್ದು ನಟನನ್ನು. 2010ರಲ್ಲಿ ಅಮೆರಿಕದ ಕ್ರಾಫ್ಟ್ ಕಂಪನಿ ಕ್ಯಾಡ್‌ಬರಿಯನ್ನು ಕೊಂಡಿತು; 2014ರಲ್ಲಿ ಭಾರತದ ಕಂಪನಿಯ ಹೆಸರು ಮಾಂಡೆಲೀಜ್ ಎಂದಾಯಿತು. ಗಿರಾಕಿಗೆ ಅದರ ಸುಳಿವೂ ಹತ್ತಲಿಲ್ಲ. ಹೊದಿಕೆಯ ಮೇಲಿನ ಹೆಸರನ್ನು ಯಾರೂ ಮುಟ್ಟಲಿಲ್ಲ. ಕೊಂಡವರು ಹಣ ತೆತ್ತದ್ದು ಮುಖ್ಯವಾಗಿ ಅದಕ್ಕಾಗಿಯೇ.

ಪುತ್ತೂರಿನ ಸಾಹಸ

ಕರ್ನಾಟಕದ ನೆಲದಲ್ಲಿ ನಡೆದ ಚಾಕಲೇಟಿನ ಕಥೆ ಇದಕ್ಕೆ ತೀರ ವಿರುದ್ಧವಾದದ್ದು. ಅದು ಆರಂಭವಾದದ್ದು ಹೆಸರಿನಿಂದಲ್ಲ, ಬೆಳೆಗಾರನ ಕಣ್ಣೀರಿನಿಂದ.

1970ರ ದಶಕದ ಮೊದಲಲ್ಲಿ ಅಡಿಕೆಯ ಬೆಲೆ ನೆಲ ಕಚ್ಚಿತು. ದಕ್ಷಿಣ ಕನ್ನಡ ಮತ್ತು ಕಾಸರಗೋಡಿನ ತೋಟಿಗರು ದಲ್ಲಾಳಿಗಳ ಕೈಗೆ ಸಿಕ್ಕಿ ತತ್ತರಿಸುತ್ತಿದ್ದಾಗ ವಾರಣಾಸಿ ಸುಬ್ರಾಯ ಭಟ್ಟರ ಮುಂದಾಳುತನದಲ್ಲಿ 1973ರ ಜುಲೈ 11ರಂದು ಮಂಗಳೂರಿನಲ್ಲಿ ಒಂದು ಸಹಕಾರ ಸಂಘ ಸ್ಥಾಪನೆಯಾಯಿತು. ಕರ್ನಾಟಕ ಮತ್ತು ಕೇರಳ, ಎರಡು ರಾಜ್ಯಗಳ ಬೆಳೆಗಾರರೂ ಒಂದೇ ಸಂಘದಲ್ಲಿ ಸೇರಿದ್ದು ಅದರ ವಿಶೇಷ. ಅದೇ ಕ್ಯಾಂಪ್ಕೊ. ಗಡಿ ರೇಖೆ ತಮ್ಮ ತೋಟಗಳ ನಡುವೆ ಹಾದುಹೋದರೂ ಅಡಿಕೆಯ ಬೆಲೆ ಎರಡೂ ಕಡೆ ಒಂದೇ ಎಂಬುದನ್ನು ಆ ಜನ ಬೇಗನೆ ಅರಿತಿದ್ದರು.

ಅದೇ ದಶಕದಲ್ಲಿ ಅಡಿಕೆ ಮರಗಳ ನೆರಳಿನಲ್ಲಿ ಕೋಕೋ ಎಂಬ ಹೊಸ ಗಿಡ ತಲೆಯೆತ್ತುತ್ತಿತ್ತು. ವಿಟ್ಲದ ಸಂಶೋಧನ ಕೇಂದ್ರ ಅದನ್ನು ಪರೀಕ್ಷಿಸಿ ಪ್ರೋತ್ಸಾಹಿಸಿತು. ಕ್ಯಾಡ್‌ಬರಿಯವರೂ ದಕ್ಷಿಣ ಭಾರತದಲ್ಲಿ ಅದನ್ನು ಹಬ್ಬಿಸಲು ಶ್ರಮಿಸಿದ್ದರು. ಕೋಕೋದ ಕಾಯಿ ಕೊಂಬೆಯ ತುದಿಯಲ್ಲಲ್ಲ, ಹಲಸಿನಂತೆ ಕಾಂಡಕ್ಕೇ ಅಂಟಿಕೊಂಡು ಬಿಡುತ್ತದೆ. ಒಡೆದರೆ ಬಿಳಿಯ ಲೋಳೆಯಲ್ಲಿ ಹುದುಗಿದ ಬೀಜಗಳು. ಅವನ್ನು ಐದಾರು ದಿನ ಮುಚ್ಚಿಟ್ಟು ಹುಳಿಯಿಸಬೇಕು, ಆಮೇಲೆ ಬಿಸಿಲಿಗೆ ಹರವಬೇಕು. ಹುಳಿಯಿಸದ ಬೀಜವನ್ನು ಎಷ್ಟು ಹುರಿದರೂ ಚಾಕಲೇಟಿನ ಪರಿಮಳ ಬಾರದು. ಅಡಿಕೆ ಕೈಕೊಟ್ಟರೂ ಕೋಕೋ ಇದೆಯೆಂದು ತೋಟಿಗ ನಂಬಿದ. ಆದರೆ 1980ರ ಸುಮಾರಿಗೆ ಜಗತ್ತಿನ ಪೇಟೆಯಲ್ಲಿ ಕೋಕೋ ಬೆಲೆ ಬಿದ್ದಿತು. ಅದುವರೆಗೆ ಬೀಜ ಕೊಳ್ಳುತ್ತಿದ್ದವರು ಹಿಂದೆ ಸರಿದರು. ಅಡಿಕೆಯನ್ನಾದರೆ ಒಣಗಿಸಿ ಉಪ್ಪರಿಗೆಯಲ್ಲಿಟ್ಟು ಒಳ್ಳೆಯ ಕಾಲಕ್ಕೆ ಕಾಯಬಹುದು. ಹಸಿ ಕೋಕೋವನ್ನು ಹಾಗೆ ಇಡಲಾಗದು. ಮನೆಯವರು ತಿನ್ನುವ ಪದಾರ್ಥವೂ ಅದಲ್ಲ. ರೈತರು ಗಿಡಗಳನ್ನು ಕಡಿಯತೊಡಗಿದರು.

ಅಡಿಕೆಗಾಗಿ ಹುಟ್ಟಿದ ಕ್ಯಾಂಪ್ಕೊ ಆಗ ಕೋಕೋ ಖರೀದಿಗೆ ಇಳಿಯಿತು. ಕೊಂಡ ಬೀಜವನ್ನು ಏನು ಮಾಡುವುದು? ಕೊಳ್ಳುವವರಿಲ್ಲದಿದ್ದರೆ ತಾವೇ ಚಾಕಲೇಟು ಮಾಡಬೇಕು. ಹಳ್ಳಿಗಾಡಿನ ಬೆಳೆಗಾರರು ಯುರೋಪಿನ ಕಾರ್ಖಾನೆಗಳೊಡನೆ ಸ್ಪರ್ಧಿಸುವುದೆಂದರೆ ಆ ಕಾಲಕ್ಕೆ ನಗುವವರಿಗೇನೂ ಕೊರತೆಯಿರಲಿಲ್ಲ. ಆದರೆ 1986ರ ಸೆಪ್ಟೆಂಬರ್ 1ರಂದು ಪುತ್ತೂರಿನ ಕೆಮ್ಮಿಂಜೆಯಲ್ಲಿ ಕಾರ್ಖಾನೆ ಆರಂಭವಾಯಿತು. ರಾಷ್ಟ್ರಪತಿ ಜೈಲ್ ಸಿಂಗ್ ಅದನ್ನು ಉದ್ಘಾಟಿಸಿದರು. ಬೀಜ ಹುರಿಯುವುದರಿಂದ ಹಿಡಿದು ಹೊದಿಕೆ ಸುತ್ತುವವರೆಗಿನ ಎಲ್ಲ ಕೆಲಸವೂ ಒಂದೇ ಸೂರಿನಡಿ. ಮುಂದೆ ನೆಸ್ಲೆಯಂಥ ದೊಡ್ಡ ಕಂಪನಿಯೂ ತನ್ನ ಚಾಕಲೇಟನ್ನು ಅಲ್ಲಿ ಮಾಡಿಸಿಕೊಂಡಿತು. ಕೋಕೋ ಬೆಣ್ಣೆ, ಕೋಕೋ ಪುಡಿಗಳನ್ನು ಅಲ್ಲಿಂದ ಕೊಳ್ಳುವ ತಿಂಡಿ ತಯಾರಕರೂ ಇದ್ದಾರೆ. ಲಕ್ಷಕ್ಕೂ ಮೀರಿದ ಸದಸ್ಯರ ಆ ಸಂಘ ತಯಾರಿಕೆಯಲ್ಲಿ ಯಾರಿಗೂ ಕಡಿಮೆಯಲ್ಲವೆಂದು ತೋರಿಸಿಕೊಟ್ಟಿತು.

ಹಾಗಾದರೆ ಹರಪನಹಳ್ಳಿಯ ಮಗು ಬೆರಳು ಮಾಡಿ ಕ್ಯಾಂಪ್ಕೊ ಚಾಕಲೇಟನ್ನು ಏಕೆ ಕೇಳುವುದಿಲ್ಲ?

ಕಾರಣವನ್ನು ಹೆಸರಿನಿಂದಲೇ ಹುಡುಕತೊಡಗಬಹುದು. ಕ್ಯಾಂಪ್ಕೊ ಎಂಬುದು ಸಂಘದ ಉದ್ದನೆಯ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳನ್ನು ಪೋಣಿಸಿದ ಪದ. ರಸೀದಿಯ ಮೇಲೆ ಅದು ಗಂಭೀರವಾಗಿ ಒಪ್ಪುತ್ತದೆ. ಅಡಿಕೆ ಮಾರಿದ ರೈತನಿಗೆ ಆ ಹೆಸರು ಕೇಳಿದರೆ ಧೈರ್ಯ ಬರುತ್ತದೆ. ಮಗುವಿನ ಬಾಯಲ್ಲಿ ಮಾತ್ರ ನೀರೂರುವುದಿಲ್ಲ. ಬಾರುಗಳಿಗೆ ಇಟ್ಟ ಹೆಸರುಗಳು ಟರ್ಬೊ, ಮೆಲ್ಟೊ, ಟ್ರೀಟ್, ಪ್ಲೇಟೈಮ್ ಹೀಗೆ ಹಲವು. ಕನ್ನಡ ನೆಲದ, ಕನ್ನಡ ಬೆಳೆಗಾರರ ಚಾಕಲೇಟಿಗೆ ಒಂದಾದರೂ ಕನ್ನಡದ ಹೆಸರು ಹೊಳೆಯದೆ ಹೋದದ್ದು ಸೋಜಿಗ. ಪಕ್ಕದಲ್ಲೇ ಹಾಲಿನ ಸಹಕಾರ ಮಂಡಲ ನಂದಿನಿ ಎಂದು ಹೆಸರಿಟ್ಟು ಮನೆಮನೆಯನ್ನು ಹೊಕ್ಕಿದೆ. ಆ ಹೆಸರಿನ ಬಲದಿಂದಲೇ ನಂದಿನಿ ಚಾಕಲೇಟೂ ಹಾಲಿನ ಬೂತಿಗೆ ಬಂದಿತು. ಗುಜರಾತಿನ ಅಮುಲ್ ಕೂಡ ಬೆಣ್ಣೆಗೆ ಗಳಿಸಿದ ಹೆಸರನ್ನೇ ಚಾಕಲೇಟಿಗೂ ಹೊದಿಸಿತು. 1966ರಿಂದ ಗೋಡೆಗಳ ಮೇಲೆ ತುಂಟತನ ಮಾಡುತ್ತಿರುವ ಚುಕ್ಕೆ ಲಂಗದ ಹುಡುಗಿ ಅದರ ಎಲ್ಲ ಸರಕಿಗೂ ಪುಕ್ಕಟೆ ರಾಯಭಾರಿ. ಇದ್ದ ಅಲ್ಪ ಹಣವನ್ನು ಹತ್ತು ಹೆಸರುಗಳಿಗೆ ಹಂಚಿದರೆ ಒಂದಕ್ಕೂ ಮೈ ತುಂಬದು.

ಆದರೆ ಸಂಘವನ್ನೇ ಪೂರ್ತಿ ದೂರುವುದು ನ್ಯಾಯವಲ್ಲ. ಜಾಹೀರಾತಿಗೆ ಕೋಟಿ ಸುರಿಯುವುದೆಂದರೆ ಬೆಳೆಗಾರನಿಗೆ ಕೊಡುವ ಬೆಲೆಯಿಂದ ಅದನ್ನು ಕಳೆಯುವುದೆಂದು ಮಹಾಸಭೆಯಲ್ಲಿ ಕುಳಿತ ಸದಸ್ಯನಿಗೆ ತೋರುವುದು ಸಹಜ. ಕಂಪನಿಯ ಷೇರುದಾರನಿಗೆ ಲಾಭ ಮುಂದಿನ ವರ್ಷ ಬಂದರೂ ನಡೆಯುತ್ತದೆ. ತೋಟಿಗನಿಗೆ ಈ ಸೋಮವಾರದ ಖರೀದಿಯ ಬೆಲೆ ಬೇಕು. ಮೇಲಾಗಿ ಘಟ್ಟ ಹತ್ತಿ ಬಯಲುಸೀಮೆಗೆ ಬರುವ ಹಾದಿಯೂ ಸುಗಮವಲ್ಲ. ತಂಪು ಪೆಟ್ಟಿಗೆ ಇನ್ನೊಬ್ಬರದು. ಲೈನಿಗೆ ಬರುವ ಸೇಲ್ಸ್‌ಮನ್ ವಾರಕ್ಕೊಮ್ಮೆ ತಪ್ಪದೆ ಬರಬೇಕು. ಅಂಗಡಿಯವರಿಗೆ ಸ್ಕೀಮು ಬೇಕು. ಕರಗಿದ ಮಾಲನ್ನು ವಾಪಸು ಪಡೆಯುವ ಮಾತೂ ಬೇಕು.

ಈ ಲೆಕ್ಕಾಚಾರಕ್ಕೆ ಇತ್ತೀಚೆಗೆ ಹೊಸ ತಿರುವು ಬಂದಿದೆ. ಪ್ರಪಂಚದ ಕೋಕೋದಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಪಶ್ಚಿಮ ಆಫ್ರಿಕದ ಐವರಿ ಕೋಸ್ಟ್ ಮತ್ತು ಘಾನಾ ದೇಶಗಳೇ ಬೆಳೆಯುತ್ತವೆ. ಅಲ್ಲಿ ಮಳೆಯ ಏರುಪೇರು ಮತ್ತು ರೋಗದಿಂದ ಫಸಲು ಕೆಟ್ಟು, ಎರಡು ಮೂರು ಸಾವಿರ ಡಾಲರಿನ ಆಸುಪಾಸಿನಲ್ಲಿ ಬಹುಕಾಲ ಆಡುತ್ತಿದ್ದ ಟನ್ನಿನ ಬೆಲೆ 2024ರಲ್ಲಿ ಹತ್ತು ಸಾವಿರವನ್ನು ದಾಟಿತು. ಡಿಸೆಂಬರಿನಲ್ಲಿ ಹನ್ನೆರಡು ಸಾವಿರವನ್ನೂ ಮೀರಿತು. ನಲವತ್ತು ವರ್ಷಗಳ ಹಿಂದೆ ಕೊಡಲಿ ಎತ್ತಿದ್ದ ತೋಟಗಳಲ್ಲಿ ಕೋಕೋ ಕಾಯಿಗೆ ಕಾವಲು ಬೇಕಾದ ಕಾಲ ಬಂತು. ಆದರೆ 2025ರಲ್ಲಿ ಬೆಲೆ ಮತ್ತೆ ಇಳಿಮುಖವಾಯಿತು.

ಬೆಲೆ ಏರಿದಾಗ ಐದು ರೂಪಾಯಿಯ ಚಾಕಲೇಟನ್ನು ಆರು ರೂಪಾಯಿಗೆ ಮಾರಲಾಗದು. ಮಗುವಿನ ಕೈಯಲ್ಲಿರುವುದು ಒಂದೇ ನಾಣ್ಯ, ಮತ್ತೊಂದು ರೂಪಾಯಿಗಾಗಿ ಅದು ಮನೆಗೆ ಓಡಿದರೆ ತಿರುಗಿ ಬರುವುದೆಂಬ ಭರವಸೆಯಿಲ್ಲ. ಆದ್ದರಿಂದ ಬೆಲೆಯನ್ನು ಹಾಗೆಯೇ ಇಟ್ಟು ತೂಕವನ್ನು ಒಂದೆರಡು ಗ್ರಾಂ ಕಡಿಮೆ ಮಾಡುವುದು ಈ ವ್ಯಾಪಾರದ ಹಳೆಯ ಮರ್ಮ. ಹೊದಿಕೆ ಅದೇ, ಬಣ್ಣ ಅದೇ, ಹೆಸರು ಅದೇ; ಒಳಗಿನ ತುಂಡು ತೆಳುವಾಗಿರುತ್ತದೆ. 2025ರ ಸೆಪ್ಟೆಂಬರ್ 22ರಿಂದ ಚಾಕಲೇಟಿನ ಮೇಲಿನ ಜಿಎಸ್‌ಟಿ ನೂರಕ್ಕೆ ಹದಿನೆಂಟರಿಂದ ಐದಕ್ಕೆ ಇಳಿದಾಗ ಲೆಕ್ಕ ತಿರುಗಾಮುರುಗಾ ಆಯಿತು. ನಾಣ್ಯದ ಬೆಲೆಯ ಪೊಟ್ಟಣದಲ್ಲಿ ಹೀಗೆ ಇಳಿದ ತೆರಿಗೆಯನ್ನು ಗಿರಾಕಿಗೆ ತಲುಪಿಸುವ ಸುಲಭದ ದಾರಿಯೆಂದರೆ ತೂಕವನ್ನು ಹೆಚ್ಚಿಸುವುದೇ. ಮನೆಯ ಹಿರಿಯರು ಪೊಟ್ಟಣದ ಬೆನ್ನಿನ ಮೇಲೆ ಅಚ್ಚಾದ ಗ್ರಾಂ ಲೆಕ್ಕವನ್ನು ಹಳೆಯ ಪೊಟ್ಟಣದೊಡನೆ ಹೋಲಿಸಿ ನೋಡಿದರೆ ಅದು ತಲುಪಿತೋ ಇಲ್ಲವೋ ತಿಳಿಯುತ್ತದೆ.

ಮೈಸೂರಿನಲ್ಲಿ ನವಿಲೂನದಂಥ ಚಿಕ್ಕ ತಯಾರಕರು ದಕ್ಷಿಣ ಭಾರತದ ಕೋಕೋವನ್ನೇ ಆರಿಸಿ, ಕೈಯಾರೆ ಅರೆದು, ದುಬಾರಿ ಬಾರುಗಳನ್ನು ಮಾಡುತ್ತಿದ್ದಾರೆ. ಅವು ಬೆಂಗಳೂರು ಮೈಸೂರಿನ ತಂಪು ಕೋಣೆಗಳಿಗೆ ಸರಿ. ಹರಪನಹಳ್ಳಿಯಲ್ಲಿ ಮಾರ್ಚ್ ಮುಗಿಯುತ್ತಿದ್ದಂತೆ, ಫ್ರಿಜ್ಜಿಲ್ಲದ ಅಂಗಡಿಯವರು ಬಾರುಗಳ ಆರ್ಡರನ್ನು ನಿಲ್ಲಿಸಿ ಎಕ್ಲೇರು ಮತ್ತು ಪೆಪ್ಪರಮೆಂಟಿನ ಡಬ್ಬಗಳನ್ನಷ್ಟೇ ಕೊಳ್ಳುತ್ತಾರೆ. ಜೂನಿನಲ್ಲಿ ಶಾಲೆಯೂ ಮಳೆಯೂ ಒಟ್ಟಿಗೆ ಆರಂಭವಾದ ಮೇಲೆ ಬಾರುಗಳು ಮತ್ತೆ ಮುಂದಿನ ಸಾಲಿಗೆ ಬರುತ್ತವೆ.